ಮೊದಲ ಮಹಾಯುದ್ಧದಲ್ಲಿ ಹುಡುಗರು ವಯಸ್ಸು ಮುಚ್ಚಿಟ್ಟು ಸೈನ್ಯ ಸೇರಿದ್ದು ಯಾಕೆ?

ಬ್ರಿಟನ್‌ನಲ್ಲಿ ಆಗ ಸೈನ್ಯ ಸೇರಲು 18, ಹೊರದೇಶಕ್ಕೆ ಹೋಗಿ ಕಾದಾಡಲು 19 ತುಂಬಿರಬೇಕಿತ್ತು. ಆದರೆ ಜನನ ಪ್ರಮಾಣಪತ್ರ ಕೇಳುತ್ತಿರಲಿಲ್ಲ. ಎತ್ತರ, ಎದೆಯಳತೆ ಸರಿಯಿದ್ದರೆ ಬಾಯಲ್ಲಿ ಹೇಳಿದ ವಯಸ್ಸೇ ಸಾಕಾಗುತ್ತಿತ್ತು. ದೇಶಾಭಿಮಾನ ಇತ್ತು, ನಿಜ. ಜೊತೆಗೆ ಸಂಬಳ, ಹೊಟ್ಟೆ ತುಂಬ ಊಟ, ಗಣಿ-ಕಾರ್ಖಾನೆ ದುಡಿಮೆಯಿಂದ ಬಿಡುಗಡೆ. ಗೆಳೆಯರೆಲ್ಲ ಹೊರಟಾಗ ಒಬ್ಬನೇ ಮನೆಯಲ್ಲಿ ಉಳಿಯೋದು ಕಷ್ಟ, ಅಲ್ವಾ?

ನಮ್ಮ ಕಾರವಾರದ ಕಡಲತೀರದಲ್ಲಿ ಬೆಳಗಿನ ಜಾವ ಭರ್ತಿಗಾಗಿ ಹುಡುಗರು ಓಡುತ್ತಾರೆ, ಒದ್ದೆ ಮರಳಲ್ಲಿ ಬರಿಗಾಲಲ್ಲಿ. ಅವರ ಮುಖದಲ್ಲೂ ಅದೇ ಆಸೆ ಕಾಣುತ್ತದೆ. ಪಕ್ಕದ ಚೆಂಡಿಯಾದ ರಾಮ ರಾಘೋಬಾ ರಾಣೆ 1940ರಲ್ಲಿ ಸೇರಿದಾಗ 22 ವರ್ಷ. 1948ರಲ್ಲಿ ಕಾಶ್ಮೀರದಲ್ಲಿ ತೋರಿದ ಸಾಹಸಕ್ಕೆ ಪರಮವೀರ ಚಕ್ರ ಪಡೆದರು. ಈಗ ಅಗ್ನಿವೀರ ಆಗಲು ಕನಿಷ್ಠ ಹದಿನೇಳೂವರೆ ವರ್ಷ ಆಗಿರಬೇಕು, ದಾಖಲೆಯನ್ನೂ ತೋರಿಸಬೇಕು.