ಅಟ್ಟದ ಮೆಟ್ಟಿಲ ಹತ್ತಿರ ಒಂದು ಹಾಳೆ

ಓದುಗರ ಪತ್ರ

"ಮೇಡಂ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆ ಇರುವ ಕಾನೂನಿನ ಬಗ್ಗೆ ಹೋದ ತಿಂಗಳು ನೀವು ಹಾಕಿದ ಲೇಖನ ಓದಿದೆ. ಅದೆಲ್ಲ ಬೆಂಗಳೂರಿನ ಐಟಿ ಕಂಪನಿಗಳಿಗೆ ಸರಿ, ನಮ್ಮಂಥ ಅಂಗಡಿಯವರಿಗೆ ಯಾಕೆ? ನನ್ನದು ಬಟ್ಟೆ ಅಂಗಡಿ. ಆರು ಜನ ಹುಡುಗಿಯರು, ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಎಲ್ಲರನ್ನೂ ಮನೆ ಮಕ್ಕಳ ಹಾಗೆ ನೋಡಿಕೊಂಡಿದ್ದೇನೆ. ನಾಳೆ ಯಾರೋ ಒಬ್ಬಳು ಸಿಟ್ಟಿಗೆ ಸುಳ್ಳು ದೂರು ಕೊಟ್ಟರೆ ಮೂವತ್ತು ವರ್ಷದ ಮರ್ಯಾದೆ ಒಂದೇ ದಿನಕ್ಕೆ ಹೋಗುತ್ತದೆ. ಇನ್ನು ಮೇಲೆ ಹುಡುಗಿಯರನ್ನು ಇಟ್ಟುಕೊಳ್ಳೋದೇ ಬೇಡ ಅನ್ನಿಸಿದೆ. ನೀವು ಯಾವಾಗಲೂ ಒಂದೇ ಕಡೆ ವಾಲುತ್ತೀರಿ."
(ಹೆಸರು ಬೇಡ ಅಂದಿದ್ದಾರೆ), ದಾವಣಗೆರೆ

ಸಂಪಾದಕರ ಉತ್ತರ

ಅಣ್ಣಾವ್ರೇ, ಬಿಲ್ ಪುಸ್ತಕದ ಹಾಳೆಯ ಹಿಂಬದಿಯಲ್ಲಿ ಅಂಚೂ ಬಿಡದೆ ಬರೆದಿದ್ದೀರಿ. ಗಿರಾಕಿಗಳ ನಡುವೆ ಪುರುಸೊತ್ತು ಮಾಡಿಕೊಂಡು ಬರೆದದ್ದು ಅಂತ ಗೊತ್ತಾಗುತ್ತದೆ. ಇದೇ ಮಾತನ್ನು ಬಹಳ ಜನ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ, ನೀವು ನೇರವಾಗಿ ಬರೆದು ಕಳಿಸಿದ್ದೀರಿ. ಅದಕ್ಕೆ ನಿಮ್ಮ ಮೇಲೆ ಗೌರವ ಇದೆ. ಆದರೆ ನಿಮ್ಮ ಮಾತು ನಾನು ಒಪ್ಪೋದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಕೇಳಿ.

ಮೊದಲು ಸುಳ್ಳು ದೂರಿನ ಭಯ. ಸುಳ್ಳು ದೂರು ಇಲ್ಲವೇ ಇಲ್ಲ ಅಂತ ನಾನು ಹೇಳೋದಿಲ್ಲ. ಹೊಲದ ಬದುವಿಗೆ ಸುಳ್ಳು ಕೇಸು ಹಾಕುವವರಿದ್ದಾರೆ, ಸಾಲದ ವಿಷಯಕ್ಕೆ ಹಾಕುವವರಿದ್ದಾರೆ, ಇಲ್ಲೂ ಯಾರೋ ಒಬ್ಬರು ಇರಬಹುದು. ಕಾನೂನು ಮಾಡಿದವರಿಗೂ ಅದು ಗೊತ್ತಿತ್ತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ 2013ರ ಕಾಯ್ದೆಯ ಸೆಕ್ಷನ್ 14 ಇರೋದೇ ಅದಕ್ಕೆ. ಬೇಕಂತಲೇ ಸುಳ್ಳು ದೂರು ಕೊಟ್ಟದ್ದು ವಿಚಾರಣೆಯಲ್ಲಿ ಸಾಬೀತಾದರೆ ಆಕೆಯ ಮೇಲೂ ಕ್ರಮ ಆಗುತ್ತದೆ. ಸಾಕ್ಷಿ ಒದಗಿಸೋಕೆ ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಮಾತ್ರ ಅದನ್ನು ಸುಳ್ಳು ಅನ್ನುವ ಹಾಗಿಲ್ಲ. ಇನ್ನು ಮರ್ಯಾದೆ ಅಂದಿರಿ. ಸೆಕ್ಷನ್ 16ರ ಪ್ರಕಾರ ದೂರು ಕೊಟ್ಟವಳ ಹೆಸರನ್ನು ಹೇಗೆ ಹೊರಗೆ ಹಾಕುವಂತಿಲ್ಲವೋ, ದೂರು ಯಾರ ಮೇಲಿದೆಯೋ ಅವರ ಹೆಸರನ್ನೂ ಹಾಗೇ ಹೊರಗೆ ಹಾಕುವಂತಿಲ್ಲ. ಪೇಪರಿಗೂ ಕೊಡುವಂತಿಲ್ಲ. ಅಂದರೆ ನಿಮ್ಮ ಮೂವತ್ತು ವರ್ಷದ ಹೆಸರನ್ನು ಕಾಯುವ ಏರ್ಪಾಡು ಕಾನೂನಿನೊಳಗೇ ಇದೆ. ಆ ಹುಡುಗಿಯ ಹೆಸರನ್ನು ಕಾಯೋರು ಯಾರು ಅಂತ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ, ಅಲ್ವಾ?

ಇದು ಐಟಿ ಕಂಪನಿಗಳ ಕಾನೂನು ಅಂತ ನೀವು ಅಂದುಕೊಂಡಿದ್ದೀರಿ. ನಮ್ಮ ಊರಲ್ಲಿ ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಈ ಕಾನೂನಿನ ಬೇರು ಇರೋದು ರಾಜಸ್ಥಾನದ ಭಟೇರಿ ಅನ್ನುವ ಹಳ್ಳಿಯಲ್ಲಿ. ಭಂವರಿ ದೇವಿ ಕುಂಬಾರರ ಮನೆಯ ಹೆಣ್ಣುಮಗಳು. ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ 'ಸಾಥಿನ್' ಆಗಿದ್ದರು, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಮನೆಮನೆ ತಿರುಗುವ ಕೆಲಸ. ವರ್ಷವೂ ತುಂಬದ ಕೂಸಿಗೆ ಮದುವೆ ಮಾಡೋದನ್ನು ತಡೆಯೋಕೆ ಹೋದರು. ಅದೇ ಅವರ ಕೆಲಸ, ಅದಕ್ಕೇ ಸರ್ಕಾರ ಸಂಬಳ ಕೊಡುತ್ತಿದ್ದದ್ದು. ಆ ಸೇಡಿಗೆ 1992ರಲ್ಲಿ ಅವರ ಗಂಡನನ್ನು ಹೊಡೆದು, ಅವರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು. 1995ರಲ್ಲಿ ಕೆಳಗಿನ ಕೋರ್ಟು ಆ ಆರೋಪದಿಂದ ಅವರನ್ನೆಲ್ಲ ಬಿಟ್ಟುಬಿಟ್ಟಿತು. ಇತ್ತ ವಿಶಾಖಾ ಮತ್ತಿತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. ಕೆಲಸಕ್ಕೆ ಹೋದ ಹೆಣ್ಣಿಗೆ ಕೆಲಸದ ಕಾರಣಕ್ಕೇ ಹೀಗಾದರೆ ಹೊಣೆ ಯಾರು ಅಂತ ಅವರು ಕೇಳಿದ್ದು.

ಉತ್ತರ ಬಂದದ್ದು 1997ರ ಆಗಸ್ಟ್ 13ಕ್ಕೆ, ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠದಿಂದ. ಎರಡು ದಿನ ಬಿಟ್ಟು ಏನಾಯಿತು ಅಂತ ನಿಮಗೆ ನೆನಪಿರುತ್ತದೆ. ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯಿತು. ಜೆ.ಎಚ್. ಪಟೇಲರು ಮುಖ್ಯಮಂತ್ರಿ, ನಮಗೆಲ್ಲ ಇನ್ನು ಪ್ರತಿಯೊಂದಕ್ಕೂ ಚಿತ್ರದುರ್ಗಕ್ಕೆ ಓಡೋದು ತಪ್ಪಿತು ಅನ್ನುವ ಖುಷಿ. ಆ ವಾರ ನಾನು ಓದಿದ್ದೆಲ್ಲ ಜಿಲ್ಲೆಯ ಸುದ್ದಿಯೇ. ಆ ತೀರ್ಪಿನ ವಿಷಯ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ತಾರೀಕು ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಜಿಲ್ಲೆಯ ವಯಸ್ಸೇ ಅದಕ್ಕೂ. ಜಿಲ್ಲೆಗೆ ಡಿಸಿ ಆಫೀಸು, ಎಸ್ಪಿ ಆಫೀಸು ಎಲ್ಲ ಬಂದವು. ಆ ತೀರ್ಪು ಕಾಯ್ದೆಯಾಗಿ ಜಾರಿಗೆ ಬರೋಕೆ ಮಾತ್ರ 2013ರ ಡಿಸೆಂಬರ್ 9ರ ತನಕ ಕಾಯಬೇಕಾಯಿತು. ಹದಿನಾರು ವರ್ಷ.

ಈಗ ನಿಮ್ಮ ಅಂಗಡಿಗೆ ಬರೋಣ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಮಾಲೀಕರೇ ಆಂತರಿಕ ಸಮಿತಿ ಮಾಡಬೇಕು. ಅಲ್ಲಿನ ಹಿರಿಯ ಮಹಿಳೆಯೇ ಅಧ್ಯಕ್ಷೆ, ಅರ್ಧದಷ್ಟಾದರೂ ಹೆಂಗಸರು, ಹೊರಗಿನವರು ಒಬ್ಬರು. ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ನಿಮ್ಮಲ್ಲಿ ಎಂಟೇ ಜನ. ಹಾಗಂತ ಕಾನೂನು ನಿಮ್ಮ ಹುಡುಗಿಯರನ್ನು ಬಿಟ್ಟಿಲ್ಲ. ಸಣ್ಣ ಅಂಗಡಿ, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಟೈಲರಿಂಗ್ ಮಾಡುವ ಕೋಣೆ, ಕಡೆಗೆ ಮನೆಗೆಲಸದವಳು ಪಾತ್ರೆ ತೊಳೆಯೋಕೆ ಹೋಗುವ ಮನೆ, ಇವೆಲ್ಲ ಈ ಕಾಯ್ದೆಯ ಲೆಕ್ಕದಲ್ಲಿ ಕೆಲಸದ ಜಾಗಗಳೇ. ಇಂಥ ಕಡೆಯ ಹೆಣ್ಣುಮಕ್ಕಳಿಗಾಗಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ದೂರು ಮಾಲೀಕನ ಮೇಲೇ ಇದ್ದರೂ ಅಲ್ಲಿಗೇ ಹೋಗಬಹುದು. ಪ್ರತಿ ತಾಲ್ಲೂಕಿನಲ್ಲೂ ದೂರು ತೆಗೆದುಕೊಂಡು ಏಳು ದಿನದೊಳಗೆ ಸಮಿತಿಗೆ ಮುಟ್ಟಿಸುವ ಒಬ್ಬ ನೋಡಲ್ ಅಧಿಕಾರಿ. ಬರೆಯೋಕೆ ಬರದವಳಿಗೆ ದೂರು ಬರೆಯೋಕೆ ಸಹಾಯ ಮಾಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ನೋಡಿ. ಆದರೆ ಈ ಸಮಿತಿಯ ಹೆಸರು ಕೇಳಿರುವ ಒಬ್ಬ ಅಂಗಡಿ ಹುಡುಗಿಯನ್ನೂ ನಾನು ಇವತ್ತಿನವರೆಗೆ ಕಂಡಿಲ್ಲ.

ನನ್ನ ಸಂಕಟ ಇದೇ, ಅಣ್ಣಾವ್ರೇ. ಈ ಕಾನೂನು ನಮ್ಮಂಥ ಅಂಗಡಿಯವರಿಗೆ ಯಾಕೆ ಅಂತ ನೀವು ಬರೆದಿದ್ದೀರಿ. ಅದು ನಮ್ಮ ಊರಿನ ಅಂಗಡಿ ಸಾಲಿಗೆ ಇನ್ನೂ ಬಂದೇ ಇಲ್ಲ ಅಂತ ನಾನು ಹೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಮಧ್ಯಾಹ್ನದ ಹೊತ್ತಿಗೆ ನಮ್ಮ ಆಫೀಸಿಗೆ ಬಂದಳು. ಅಕ್ಕಿ ಗಿರಣಿಯಿಂದ ನೇರ ಬಂದಿದ್ದಳು, ಸೆರಗಿಗೆಲ್ಲ ತೌಡು ಅಂಟಿತ್ತು. ಕುರ್ಚಿ ಕೊಟ್ಟರೂ ಅದರ ತುದಿಯಲ್ಲೇ ಕೂತಳು. "ಅಕ್ಕಾ, ಪೇಪರ್ನಾಗೆ ಹಾಕೋದು ಬ್ಯಾಡ. ಯಾರಿಗೆ ಹೇಳ್ಬೇಕು ಅಷ್ಟು ಹೇಳ್ರಿ ಸಾಕು" ಅಂದಳು. ನಾನು ಅವಳ ಎದುರೇ ಫೋನ್ ಹಿಡಿದು ಕೂತೆ. ಒಂದು ಕಚೇರಿಯವರು ಪೊಲೀಸಿಗೆ ಹೋಗಿ ಅಂದರು. ಇನ್ನೊಂದು ಕಚೇರಿಯವರು ಅದು ನಮಗೆ ಬರಲ್ಲ ಅಂದರು. ಮೂರನೆಯವರು ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಮಾಡಿ ಅಂದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸರಿಯಾದ ಮೇಜು ಯಾವುದು ಅಂತ ನನಗೆ ಗೊತ್ತಾಗಿದ್ದು ನಾಲ್ಕನೇ ದಿನ. ಅಷ್ಟರಲ್ಲಿ ಅವಳು ಗಿರಣಿ ಬಿಟ್ಟು ತವರಿಗೆ ಹೋಗಿಬಿಟ್ಟಿದ್ದಳು, ಫೋನ್ ಎತ್ತಲಿಲ್ಲ. ದೂರು ಕೊಡೋಕೆ ಮೂರು ತಿಂಗಳು ಟೈಮಿದೆ, ಸರಿಯಾದ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ ಅಂತ ಅವಳಿಗೆ ಹೇಳಬೇಕಿತ್ತು. ಪತ್ರಿಕೆ ನಡೆಸುವ ನನಗೇ ನಾಲ್ಕು ದಿನ ಹಿಡಿದರೆ, ದಿನಗೂಲಿ ಬಿಟ್ಟು ಬಂದವಳು ಎಷ್ಟು ದಿನ ತಿರುಗಬೇಕು?

ಇನ್ನು ಮನೆ ಮಕ್ಕಳ ಹಾಗೆ ನೋಡಿಕೊಂಡಿದ್ದೇನೆ ಅಂದಿರಿ. ನೀವು ಹಾಗೇ ನೋಡಿಕೊಂಡಿರುತ್ತೀರಿ, ಅನುಮಾನ ಇಲ್ಲ. ಆದರೆ ಆ ಮಾತು ಕೇಳಿದರೆ ನನಗೆ ಒಂದು ಅಟ್ಟ ನೆನಪಾಗುತ್ತದೆ.

ಪಿಯುಸಿ ಮುಗಿದ ಮೇಲೆ ಒಂದೂವರೆ ವರ್ಷ ನಾನೂ ಇದೇ ಊರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದ್ದೆ. ಎಂಬತ್ತರ ದಶಕದ ಕೊನೆ, ತಿಂಗಳಿಗೆ 200 ರೂಪಾಯಿ. ಸಾವ್ಕಾರ್ರು ಒಳ್ಳೆಯವರು. ದೀಪಾವಳಿಗೆ ಸೀರೆ ಕೊಡುತ್ತಿದ್ದರು, ಜ್ವರ ಬಂದರೆ ಮಾತ್ರೆಗೆ ದುಡ್ಡು ಕೊಡುತ್ತಿದ್ದರು. ಹೆಚ್ಚಿನ ಮಾಲೆಲ್ಲ ಅಟ್ಟದ ಮೇಲೆ. ಕಡಿದಾದ ಮರದ ಮೆಟ್ಟಿಲು, ಮೇಲೆ ಒಂದೇ ಬಲ್ಬು. ಮಾಲು ನೋಡಿಕೊಳ್ಳುತ್ತಿದ್ದವರು ಸಾವ್ಕಾರ್ರ ಭಾವಮೈದುನ. ನಾವು ಸೀರೆ ಕಟ್ಟು ತರೋಕೆ ಹತ್ತಿದ ಸ್ವಲ್ಪ ಹೊತ್ತಿಗೆ ಅವರೂ ಹತ್ತಿ ಬರುತ್ತಿದ್ದರು. ಇಬ್ಬರು ದಾಟೋಕೆ ಅಲ್ಲಿ ಜಾಗ ಇಲ್ಲ. ನಮ್ಮ ಎರಡೂ ಕೈಯಲ್ಲಿ ಕಟ್ಟು ಇರುತ್ತದೆ. ತಳ್ಳೋಕೆ ಕೈ ಬೇಕಲ್ಲ? ಕಟ್ಟು ಬಿಟ್ಟರೆ ಸೀರೆ ಕೆಳಗೆ ಬೀಳುತ್ತದೆ, ಕೊಳೆಯಾದರೆ ಸಂಬಳದಲ್ಲಿ ಹಿಡಿಯುತ್ತಾರೆ.

ನನಗಿಂತ ಎರಡು ವರ್ಷ ದೊಡ್ಡವಳೊಬ್ಬಳಿದ್ದಳು, ನಾವೆಲ್ಲ ಅಕ್ಕ ಅಂತಿದ್ದೆವು. ಅವಳೇ ಒಂದು ದಾರಿ ಕಂಡುಹಿಡಿದಳು. ಯಾರಾದರೂ ಅಟ್ಟ ಹತ್ತಿದರೆ ಕೆಳಗಿಂದ ಇನ್ನೊಬ್ಬಳು ಕೂಗಬೇಕು. "ಎಷ್ಟೊತ್ತೇ, ಗಿರಾಕಿ ಕಾಯ್ತಿದಾರೆ!" ಗಿರಾಕಿ ಇಲ್ಲದಿದ್ದರೂ ಕೂಗಬೇಕು. ಒಂದೂವರೆ ವರ್ಷ ನಮ್ಮನ್ನು ಕಾದದ್ದು ಆ ಕೂಗು. ಕಡೆಗೆ ಅಕ್ಕ ಒಂದು ದಿನ ಸಾವ್ಕಾರ್ರ ಹತ್ತಿರವೇ ಹೇಳಿದಳು. "ಅವ್ನು ಹಂಗಲ್ಲಮ್ಮ. ನೀವೆಲ್ಲ ನಮ್ಮ ಮನೆ ಮಕ್ಕಳು ಇದ್ದಂಗೆ. ಮನೆ ವಿಷಯ ಬೀದಿಗೆ ತರಬಾರದು" ಅಂದರು. ಮುಂದಿನ ತಿಂಗಳು ಅಕ್ಕ ಕೆಲಸದಲ್ಲಿ ಇರಲಿಲ್ಲ. ಅವಳಿಗೆ ಬಾಯಿ ಜಾಸ್ತಿ ಅಂತ ನಮಗೆ ಹೇಳಿದರು. ನನಗೆ ಆ 200 ರೂಪಾಯಿ ಬೇಕಿತ್ತು, ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಸಾವ್ಕಾರ್ರಿಗೆ ಕೆಟ್ಟ ಮನಸ್ಸು ಇರಲಿಲ್ಲ ಅಂತ ನಾನು ಈಗಲೂ ನಂಬುತ್ತೇನೆ. ಆದರೆ ಮನೆಯವರ ಮೇಲಿನ ದೂರನ್ನು ಮನೆಯ ಯಜಮಾನನೇ ಕೇಳಬೇಕಾದರೆ ಆತ ಎಷ್ಟೇ ಒಳ್ಳೆಯವನಾದರೂ ಕಿವಿ ಮಂದವಾಗುತ್ತದೆ. ಅದಕ್ಕೇ ಹೊರಗೆ ಇನ್ನೊಂದು ಬಾಗಿಲು ಬೇಕು ಅನ್ನೋದು.

ಹುಡುಗಿಯರನ್ನು ಇಟ್ಟುಕೊಳ್ಳೋದೇ ಬೇಡ ಅಂತ ಬರೆದಿದ್ದೀರಲ್ಲ, ಅದು ಓದಿ ನನಗೆ ನಿಜವಾಗಲೂ ಬೇಜಾರಾಯಿತು. ಯಾರೂ ಮಾಡದ ತಪ್ಪಿಗೆ ಆರು ಜನರ ಅನ್ನ ಕಿತ್ತುಕೊಳ್ಳುವ ಮಾತು ಅದು. ಮದುವೆ ಸೀಸನ್ನಿನಲ್ಲಿ ಒಬ್ಬ ಗಿರಾಕಿಗೆ ನಲವತ್ತು ಸೀರೆ ಬಿಡಿಸಿ ತೋರಿಸಿ, ಮತ್ತೆ ಮಡಿಕೆ ಕೆಡದ ಹಾಗೆ ಮಡಚಿ, ನಗುಮುಖದಲ್ಲೇ ಇನ್ನೊಂದು ತೆಗೆಯೋದು ಯಾರು? ನಿಮ್ಮ ಗಲ್ಲಾ ತುಂಬಿಸಿದ ಕೈಗಳು ಅವು. ಬೆಳಗ್ಗೆಯಿಂದ ರಾತ್ರಿ ಅಂಗಡಿ ಮುಚ್ಚುವ ತನಕ ನಿಂತೇ ಇರುತ್ತಾರೆ. ಕೂರೋಕೆ ಒಂದು ಸ್ಟೂಲ್ ಇರೋದಿಲ್ಲ. ಹೆಂಗಸರಿಗೆ ಶೌಚಾಲಯ ಇರುವ ಅಂಗಡಿ ಚೌಕಿಪೇಟೆಯಲ್ಲಿ, ಮಂಡಿಪೇಟೆಯಲ್ಲಿ ಎಷ್ಟಿವೆ ಅಂತ ನೀವೇ ಎಣಿಸಿ ನೋಡಿ. ನಾವಂತೂ ಬೆಳಗ್ಗೆ ಅರ್ಧ ಲೋಟ ನೀರು ಕುಡಿದು ಬರುತ್ತಿದ್ದೆವು. ಹೋಗಿ ಬರ್ತೀನಿ ಅಂತ ಗಂಡಸಿನ ಎದುರು ಕೇಳಬೇಕು, ಕೇಳಿದರೆ ಒಂದು ಕೊಂಕು ಮಾತು ಬರುತ್ತದೆ. ಕಿರುಕುಳ ಅಂದರೆ ಅಟ್ಟದ ಮೇಲೆ ಮಾತ್ರ ಆಗೋದಲ್ಲ.

ಕೇರಳದ ಕೋಳಿಕ್ಕೋಡಿನಲ್ಲಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಶೌಚಾಲಯ ಕೊಡಿ ಅಂತಲೇ ಸಂಘ ಕಟ್ಟಿದರು. 'ಪೆಣ್‌ಕೂಟ್ಟು' ಅಂತ ಹೆಸರು, ಮುಂದೆ ನಿಂತವರು ವಿಜಿ ಅನ್ನುವ ಹೆಣ್ಣುಮಗಳು. ಆಮೇಲೆ ಕೂರೋಕೆ ಜಾಗ ಕೊಡಿ ಅಂತ ಹೋರಾಟ ಮಾಡಿದರು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು ಕೊಟ್ಟು ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡು ಕೂಡ ಮಾಡಿತು. ಕುರ್ಚಿಗೂ ಕಾನೂನು ಬೇಕಾ ಅಂತ ನೀವು ಕೇಳಬಹುದು. ನಾವಾಗೇ ಒಂದು ಸ್ಟೂಲ್ ಹಾಕಿಕೊಟ್ಟಿದ್ದರೆ ಬೇಕಾಗುತ್ತಿರಲಿಲ್ಲ.

ಹಾಗೆ ನೋಡಿದರೆ ಬರೀ ಅಂಗಡಿಯವರನ್ನು ಅಂದು ಪ್ರಯೋಜನ ಇಲ್ಲ. ಕಾಯ್ದೆ ಜಾರಿಯಾಗಿ ಹನ್ನೊಂದು ವರ್ಷ ಆದ ಮೇಲೂ, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಎಲ್ಲ ರಾಜ್ಯಗಳಿಗೆ ಹೇಳಬೇಕಾಯಿತು, ಪ್ರತಿ ಜಿಲ್ಲೆಗೂ ಅಧಿಕಾರಿಯನ್ನು ನೇಮಿಸಿ, ಸ್ಥಳೀಯ ಸಮಿತಿ ಮಾಡಿ, ತಾಲ್ಲೂಕುಗಳಲ್ಲಿ ನೋಡಲ್ ಅಧಿಕಾರಿಗಳನ್ನು ಇಡಿ ಅಂತ. ಡೆಂಗಿ ಬಂದರೆ ಆಟೋಗೆ ಮೈಕ್ ಕಟ್ಟಿ ಊರೆಲ್ಲ ಕೂಗಿಸುತ್ತಾರೆ. ಕಂದಾಯ ಕಟ್ಟಿ ಅಂತ ಬ್ಯಾನರ್ ಹಾಕುತ್ತಾರೆ. ಈ ಸಮಿತಿಯ ವಿಳಾಸವನ್ನು ಬಸ್‌ಸ್ಟ್ಯಾಂಡಿನ ಗೋಡೆಗೆ ಬರೆಸೋಕೆ ಏನು ಕಷ್ಟ? ಒಂದು ಡಬ್ಬ ಪೇಂಟು, ಅರ್ಧ ದಿನದ ಕೂಲಿ.

ನಮ್ಮ ಪತ್ರಿಕೆಯ ಆಫೀಸಿನಲ್ಲೂ ಐದೇ ಜನ. ಆ ಗಿರಣಿಯ ಹೆಣ್ಣುಮಗಳು ಬಂದು ಹೋದ ವಾರವೇ ನಾನು ಒಂದು ಹಾಳೆ ಟೈಪ್ ಮಾಡಿಸಿದೆ. ಸ್ಥಳೀಯ ಸಮಿತಿಗೆ ದೂರು ಎಲ್ಲಿ ಕೊಡಬೇಕು, ಯಾರ ಹೆಸರಿಗೆ ಬರೆಯಬೇಕು, ಎಷ್ಟು ದಿನದೊಳಗೆ, ಮತ್ತೆ ಮಹಿಳಾ ಸಹಾಯವಾಣಿ 181. ಇಷ್ಟೇ. ದಪ್ಪ ಅಕ್ಷರದಲ್ಲಿ, ನೀರಿನ ಫಿಲ್ಟರ್ ಮೇಲೆ ಅಂಟಿಸಿದ್ದೇವೆ. ಅದರ ಕೆಳಗೆ ನಿಂತು ಎಲ್ಲರೂ ನೀರು ಕುಡಿಯುತ್ತಾರೆ, ಯಾರ ಮರ್ಯಾದೆಯೂ ಹೋಗಿಲ್ಲ.

ನಿಮ್ಮ ಹೆಸರು ಹಾಕಿಲ್ಲ, ಆದರೆ ಲಕೋಟೆಯ ಮೇಲೆ ವಿಳಾಸ ಇದೆ. ಈ ಸಂಚಿಕೆಯ ಜೊತೆ ಆ ಹಾಳೆಯ ಒಂದು ಪ್ರತಿ ಕಳಿಸುತ್ತಿದ್ದೇನೆ. ಗಲ್ಲಾದ ಹಿಂದೆ, ದೇವರ ಫೋಟೋ ಪಕ್ಕ ಹಾಕಬೇಡಿ. ಅಲ್ಲಿ ಯಾರು ನಿಂತು ಓದಿದರು ಅಂತ ನಿಮಗೆ ಕಾಣುತ್ತದೆ, ಅದಕ್ಕೇ ಯಾರೂ ಓದೋದಿಲ್ಲ. ನಿಮ್ಮ ಅಂಗಡಿಯಲ್ಲೂ ಅಟ್ಟ ಇರುತ್ತದೆ. ಮೆಟ್ಟಿಲ ಹತ್ತಿರ, ಬೆಳಕು ಬೀಳುವ ಕಡೆ, ನಿಮ್ಮ ಹುಡುಗಿಯರ ಕಣ್ಣಿನ ಎತ್ತರಕ್ಕೆ ಅಂಟಿಸಿ. ಜೊತೆಗೆ ಆ ಬಲ್ಬನ್ನೂ ಸ್ವಲ್ಪ ದೊಡ್ಡದು ಹಾಕಿಸಿಬಿಡಿ.