ಕಾನೂನು ಕೇಳಿ: ಮುಖದ ಪರದೆ ಮತ್ತು ಗುರುತಿನ ಚೀಟಿ

ಪ್ರಶ್ನೆ: ನಾನು ಶಿರಸಿ–ಕುಮಟಾ ಬಸ್ಸಿನಲ್ಲಿ ನಿರ್ವಾಹಕ. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಕೊಡುವ ಮುನ್ನ ಮಹಿಳೆಯರ ಗುರುತಿನ ಚೀಟಿ ನೋಡಬೇಕು. ಕಳೆದ ತಿಂಗಳು ಕಣ್ಣಷ್ಟೇ ಕಾಣುವ ಮುಖಪರದೆಯಾದ ನಿಖಾಬ್ ಧರಿಸಿದ್ದ ಒಬ್ಬರು ಆಧಾರ್ ತೋರಿಸಿದಾಗ, ಮುಖ ನೋಡದೆ ಚೀಟಿ ನೋಡಿ ಏನು ಪ್ರಯೋಜನವೆಂದು ಹಿಂದಿನ ಸೀಟಿನವರು ಗಲಾಟೆ ಎಬ್ಬಿಸಿದರು. ಒಬ್ಬರಂತೂ ‘ತೆಗೆಸಿ’ ಎಂದು ಎದ್ದೇ ನಿಂತರು. ನಾನು ಟಿಕೆಟ್ ಹರಿದುಕೊಟ್ಟು ಮುಂದೆ ಹೋದೆ. ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚಿಕೊಳ್ಳುವುದು ಕಾನೂನುಬಾಹಿರವೇ? ನಾನು ಮಾಡಿದ್ದು ತಪ್ಪೇ?
— ಒಬ್ಬ ನಿರ್ವಾಹಕ, ಶಿರಸಿ

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ನೇರವಾಗಿದೆ. ರಸ್ತೆಯಲ್ಲಿ, ಬಸ್ಸಿನಲ್ಲಿ, ಪೇಟೆಯಲ್ಲಿ ಮುಖ ಮುಚ್ಚಿಕೊಳ್ಳಬಾರದೆಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಬಹಳ ಜನರ ಮನಸ್ಸಿನಲ್ಲಿ 2022ರ ವಿವಾದ ಉಳಿದುಕೊಂಡಿದೆ; ಆದರೆ ಅದು ತಲೆವಸ್ತ್ರವಾದ ಹಿಜಾಬಿಗೆ, ಅದೂ ತರಗತಿಯ ಸಮವಸ್ತ್ರಕ್ಕೆ ಸಂಬಂಧಿಸಿದ್ದು. ಆ ವರ್ಷ ಫೆಬ್ರವರಿ 5ರ, ಸಮವಸ್ತ್ರ ಕುರಿತ ಸರ್ಕಾರಿ ಆದೇಶವನ್ನು ಮಾರ್ಚ್ 15ರಂದು ರಾಜ್ಯ ಹೈಕೋರ್ಟಿನ ತ್ರಿಸದಸ್ಯ ಪೀಠ ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಹೇಮಂತ್ ಗುಪ್ತಾ ಮತ್ತು ಸುಧಾಂಶು ಧುಲಿಯಾ, ಭಿನ್ನ ತೀರ್ಪು ಕೊಟ್ಟು, ಸೂಕ್ತ ಪೀಠ ರಚಿಸಲೆಂದು ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳಿಗೆ ಬಿಟ್ಟರು. ಆ ಆದೇಶವನ್ನು ಬಸ್ಸಿನೊಳಕ್ಕೆ ತರುವುದಕ್ಕೆ ಯಾವ ಆಧಾರವೂ ಇಲ್ಲ.

ಮುಖ ಮುಚ್ಚುವುದು ಬೇರೆ, ಗುರುತು ತೋರಿಸುವುದು ಬೇರೆ. ಗುರುತು ತೋರಿಸಲೇಬೇಕಾದಲ್ಲಿ ಮುಖ ತೋರಿಸುವಂತೆ ಕೇಳುವುದು ತಪ್ಪಲ್ಲ. ಪರದೆ ಪಾಲಿಸುವ ಮಹಿಳೆಯರ ಫೋಟೋ ಮತದಾರರ ಪಟ್ಟಿಯಲ್ಲಿ ಬೇಡವೆಂಬ ವಾದವನ್ನು 2006ರಲ್ಲಿ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ಆದರೆ ನಮ್ಮ ಕಾನೂನು ಆ ಮುಖವನ್ನು ಯಾರು, ಎಲ್ಲಿ ನೋಡಬೇಕೆಂಬುದರ ಬಗ್ಗೆಯೂ ಕಾಳಜಿ ವಹಿಸಿದೆ. ಮತಗಟ್ಟೆಯಲ್ಲಿ ಮಹಿಳಾ ಸಹಾಯಕಿಯನ್ನು ನೇಮಿಸಲು 1961ರ ಚುನಾವಣಾ ನಿಯಮಗಳಲ್ಲಿ ಅವಕಾಶವಿದೆ. ವಿಮಾನ ನಿಲ್ದಾಣದಲ್ಲಿ ಮಹಿಳೆಯರ ತಪಾಸಣೆ ಪರದೆ ಹಾಕಿದ ಗೂಡಿನೊಳಗೆ, ಮಹಿಳಾ ಸಿಬ್ಬಂದಿಯಿಂದಲೇ ಆಗುತ್ತದೆ.

ಇದು ಇಂದಿನ ರಾಜಕೀಯದಿಂದ ಹುಟ್ಟಿದ ರಿಯಾಯಿತಿಯೂ ಅಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 132ನೇ ಕಲಂ, ದೇಶದ ರೂಢಿಯಂತೆ ಸಾರ್ವಜನಿಕವಾಗಿ ಕಾಣಿಸಿಕೊಳ್ಳಲು ಬಲವಂತ ಮಾಡಬಾರದಂಥ ಮಹಿಳೆಯರಿಗೆ ನ್ಯಾಯಾಲಯದ ಖುದ್ದು ಹಾಜರಿಯಿಂದ ವಿನಾಯಿತಿ ಕೊಡುತ್ತದೆ. ಅವರ ಸಾಕ್ಷ್ಯವನ್ನು ನ್ಯಾಯಾಲಯ ನೇಮಿಸಿದ ಕಮಿಷನರ್ ಅವರ ಮನೆಗೇ ಹೋಗಿ ಬರೆದುಕೊಳ್ಳಬಹುದು. ನಾನು ವಕೀಲಿ ಆರಂಭಿಸಿದ ದಿನಗಳಲ್ಲಿ ಪಾಲುಪಟ್ಟಿಯ ದಾವೆಯೊಂದರಲ್ಲಿ ನಮ್ಮ ಹಿರಿಯರ ಜೊತೆ ಕರಾವಳಿಯ ಒಂದು ಮನೆಗೆ ಹಾಗೆ ಹೋಗಿದ್ದೆ. ಬಾಗಿಲಿಗೆ ಹಸಿರು ಪರದೆ ಇಳಿಬಿಟ್ಟಿತ್ತು. ಆಚೆ ಕುಳಿತ ಅಜ್ಜಿ ಗದ್ದೆಯ ನಾಲ್ಕೂ ಗಡಿಗಳನ್ನು ತಡವರಿಸದೆ ಹೇಳಿದರು, ಹೇಳಿಕೆಯನ್ನು ಎರಡು ಸಲ ಓದಿಸಿ ಕೇಳಿದರು, ಒಂದು ಹೆಸರನ್ನು ತಿದ್ದಿಸಿದರು. ಆಮೇಲಷ್ಟೇ ಪರದೆಯ ಅಂಚಿನಿಂದ ಕೈ ಹೊರಬಂದು ಶಾಯಿಯ ಪ್ಯಾಡಿನ ಮೇಲೆ ಹೆಬ್ಬೆಟ್ಟು ಒತ್ತಿತು. ಅವರು ಇಂಥವರೇ ಎಂದು ಗುರುತಿಸಿದ್ದು ಒಳಗೆ ಹೋಗಿ ನೋಡಿಬಂದ ಅವರ ನಾದಿನಿ. ಪರದೆಯೊಳಗಿನ ಮಹಿಳೆಯಿಂದ ಯಾರಾದರೂ ಕಾಗದಪತ್ರಕ್ಕೆ ಸಹಿ ಮಾಡಿಸಿಕೊಂಡರೆ, ಆಕೆಗೆ ಅದು ಅರ್ಥವಾಗಿತ್ತೆಂದು ಸಾಬೀತುಪಡಿಸುವ ಹೊಣೆ ಅದರ ಲಾಭ ಪಡೆದವನ ಮೇಲೆಯೇ ಬೀಳುತ್ತದೆ. ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಕಾಲದಿಂದ ನಡೆದುಬಂದ ಈ ತತ್ತ್ವವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಈಗ ನಿಮ್ಮ ಬಸ್ಸಿಗೆ ಬರೋಣ. ಯೋಜನೆಯ ಲಾಭ ಕೇಳಿದವರು ಚೀಟಿ ತಮ್ಮದೇ ಎಂದು ತೋರಿಸಬೇಕಾದದ್ದು ನ್ಯಾಯ. ಅನುಮಾನ ಬಂದಿದ್ದರೆ, ‘ಅಮ್ಮಾ, ಪಕ್ಕದಲ್ಲಿರುವ ಅಕ್ಕನವರಿಗೆ ಒಮ್ಮೆ ಮುಖ ತೋರಿಸುತ್ತೀರಾ, ಚೀಟಿ ಅವರೇ ನೋಡಿ ಹೇಳಲಿ’ ಎಂದು ನೀವು ಕೇಳಬಹುದಿತ್ತು; ನಿಲ್ದಾಣದಲ್ಲಿ ಮಹಿಳಾ ಸಿಬ್ಬಂದಿ ಇದ್ದರೆ ಇನ್ನೂ ಸುಲಭ. ಅನುಮಾನಕ್ಕೆ ಕಾರಣವಿಲ್ಲದೆ ಟಿಕೆಟ್ ಕೊಟ್ಟದ್ದನ್ನು ನಾನು ತಪ್ಪೆನ್ನಲಾರೆ. ‘ತೆಗೆಸಿ’ ಎಂದವರಿಗೆ ಮಾತ್ರ ಯಾವ ಅಧಿಕಾರವೂ ಇರಲಿಲ್ಲ. ಅವರು ಆ ಬಟ್ಟೆಗೆ ಕೈ ಹಾಕಿದ್ದರೆ ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಂ, ಅಂದರೆ ಮಹಿಳೆಯ ಮಾನಕ್ಕೆ ಕುಂದು ತರುವ ಬಲಪ್ರಯೋಗದ ಅಪರಾಧ, ಅನ್ವಯವಾಗುವ ಸಂಭವವಿತ್ತು. ಘಟ್ಟದ ಧೂಳಿಗೆ ವೇಲನ್ನು ಕಣ್ಣಿನವರೆಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋಗುವ ಹುಡುಗಿಯರನ್ನು ಯಾರೂ ತಡೆದು ನಿಲ್ಲಿಸುವುದಿಲ್ಲ ಎಂಬುದನ್ನೂ ಅವರು ನೆನೆಯಬೇಕಿತ್ತು.

ಪ್ರಶ್ನೆ: ನನ್ನ ಮಗಳು ಅಳಿಯನೊಂದಿಗೆ ಸ್ವಿಟ್ಜರ್ಲೆಂಡಿಗೆ ಹೋಗುವವಳಿದ್ದಾಳೆ, ದಾರಿಯಲ್ಲಿ ಪ್ಯಾರಿಸ್ ನೋಡುವ ಆಸೆಯೂ ಇದೆ. ಅವಳು ನಿಖಾಬ್ ಧರಿಸುತ್ತಾಳೆ. ಅಲ್ಲಿ ತೊಂದರೆಯಾಗುವುದೇ?
— ಒಬ್ಬ ತಾಯಿ, ಭಟ್ಕಳ

ಉತ್ತರ: ಆಗುತ್ತದೆ, ಹೊರಡುವ ಮುನ್ನವೇ ಮಗಳೊಡನೆ ಕುಳಿತು ಮಾತಾಡಿಕೊಳ್ಳಿ. ಫ್ರಾನ್ಸಿನಲ್ಲಿ 2011ರ ಏಪ್ರಿಲ್ 11ರಿಂದ ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚಿಕೊಂಡರೆ 150 ಯೂರೋವರೆಗೆ ದಂಡವಿದೆ. ಮಹಿಳೆಯನ್ನು ಬಲವಂತದಿಂದ ಮುಖ ಮುಚ್ಚಿಸಿದವನಿಗೆ ಒಂದು ವರ್ಷದವರೆಗೆ ಸೆರೆ, 30,000 ಯೂರೋವರೆಗೆ ದಂಡ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2014ರಲ್ಲಿ ಆ ಕಾನೂನನ್ನು ಒಪ್ಪಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2018ರಲ್ಲಿ ಇಬ್ಬರು ಮಹಿಳೆಯರ ದೂರಿನ ಮೇಲೆ ಅದು ಹಕ್ಕುಗಳ ಉಲ್ಲಂಘನೆಯೆಂದಿತು. 2020ರಲ್ಲಿ ಸೋಂಕಿಗಾಗಿ ಮಾಸ್ಕ್ ಕಡ್ಡಾಯವಾದಾಗಲೂ ನಿಖಾಬಿನ ಮೇಲಿನ ನಿಷೇಧ ಹಾಗೆಯೇ ಇತ್ತು. ಒಂದೇ ಮುಖ, ಒಂದೇ ಬೀದಿ. ಬಟ್ಟೆಯ ಹಿಂದಿನ ಕಾರಣ ನೋಡಿ ದಂಡ ಹಾಕುವ ಈ ರೀತಿ ನನಗೆ ನ್ಯಾಯವೆನಿಸಿಲ್ಲ. ಆದರೂ ಅಲ್ಲಿ ಹೋದವರು ಅಲ್ಲಿನ ಕಾನೂನಿಗೆ ಒಳಪಡಲೇಬೇಕು.

ಸ್ವಿಟ್ಜರ್ಲೆಂಡಿನಲ್ಲಿ 2021ರ ಮಾರ್ಚ್ 7ರ ಜನಮತದಲ್ಲಿ ಸುಮಾರು ಶೇ. 51ರಷ್ಟು ಮಂದಿ ನಿಷೇಧದ ಪರ ನಿಂತರು. ಅದು 2025ರ ಜನವರಿ 1ರಿಂದ ಜಾರಿಯಲ್ಲಿದೆ, ದಂಡ 1,000 ಫ್ರಾಂಕ್‌ವರೆಗೂ ಹೋಗಬಹುದು. ಪ್ರಾರ್ಥನಾ ಸ್ಥಳ ಮತ್ತು ವಿಮಾನದೊಳಗೆ ವಿನಾಯಿತಿ ಇದೆ; ಚಳಿ ಅಥವಾ ಆರೋಗ್ಯದ ಕಾರಣಕ್ಕೆ ಮುಚ್ಚಿಕೊಂಡರೂ ಅಡ್ಡಿಯಿಲ್ಲ. ಮುಖ ತೆರೆದಿರುವ ತಲೆವಸ್ತ್ರಕ್ಕೆ ಎರಡೂ ಕಡೆ ಬೀದಿಯಲ್ಲಿ ನಿಷೇಧವಿಲ್ಲ. ಪಾಸ್‌ಪೋರ್ಟ್ ತಪಾಸಣೆಯ ಕೌಂಟರಿನಲ್ಲಿ ಮುಖ ತೋರಿಸಲೇಬೇಕಾಗುತ್ತದೆ. ಮಹಿಳಾ ಅಧಿಕಾರಿ ಇದ್ದಾರೆಯೇ ಎಂದು ಕೇಳಲು ಮಗಳು ಹಿಂಜರಿಯದಿರಲಿ.