ಥೀಮ್ ಪಾರ್ಕ್ ಪ್ರವಾಸದ ಹಣ: ಬಡ್ಡಿಗಿಂತ ತಾರೀಖು ಮುಖ್ಯ

ಮೈಸೂರಿನಲ್ಲಿ ಖಾಸಗಿ ಕೆಲಸ, ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು, ಪ್ರತಿ ಬೇಸಿಗೆ ರಜೆಗೆ ಒಂದು ದೊಡ್ಡ ಥೀಮ್ ಪಾರ್ಕ್. ಅದಕ್ಕೆಂದು ತಿಂಗಳಿಗೆ 3,000 ರೂಪಾಯಿಯನ್ನು, ಪ್ರತಿ ತಿಂಗಳು ಕಂತು ಕಟ್ಟುವ ಠೇವಣಿಯಾದ ಆರ್‌.ಡಿ.ಯಲ್ಲಿ ಇಡಬೇಕೋ ಬಡಾವಣೆಯ ಚೀಟಿಗೆ ಕಟ್ಟಬೇಕೋ ಎಂದು ಕೇಳಿದ್ದೀರಿ. ಮೈಸೂರು ಎಂದಿರುವಲ್ಲಿ ಮಂಡ್ಯ ಎಂದು ತಿದ್ದಿದರೆ, 2022ರಲ್ಲಿ ನಮ್ಮ ಮನೆಯಲ್ಲಿ ನಡೆದ ಮಾತುಕತೆ ಇದೇ ಆಗಿತ್ತು.

ನಮ್ಮದು ಮಂಡ್ಯ ತಾಲ್ಲೂಕಿನ ಹಳ್ಳಿ. ಯಜಮಾನರು ಕಬ್ಬು ಬೆಳೆಯುತ್ತಾರೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸುಗಳಿವೆ, ನಾನು ನಗರದ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತೇನೆ. ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಿಲ್ಲಿನ ಹಣ ಎಂದೇ ಬರಲಿ, ಸೊಸೈಟಿಯ ಬೆಳೆ ಸಾಲ, ಗೊಬ್ಬರದ ಅಂಗಡಿ, ಕಟಾವಿನ ಕೂಲಿ ಎಂದು ಅದರ ಹಂಚಿಕೆ ಮೊದಲೇ ಮುಗಿದಿರುತ್ತದೆ. ಆದ್ದರಿಂದ ಪ್ರವಾಸದ ಹಣ ನನ್ನ ಸಂಬಳದಿಂದ ಮತ್ತು ಡೇರಿಯ ಬಟವಾಡೆಯಿಂದಲೇ ಹೊರಡಬೇಕಿತ್ತು. ಮಕ್ಕಳು ಇಮ್ಯಾಜಿಕಾ ಎಂದು ಹಟ ಹಿಡಿದಿದ್ದರು. ಅದು ಮಹಾರಾಷ್ಟ್ರದ ಖೋಪೋಲಿಯ ಬಳಿ, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿ 2013ರಲ್ಲಿ ಆರಂಭವಾದ ಪಾರ್ಕ್. ರೈಲು, ವಸತಿ, ಟ್ಯಾಕ್ಸಿ, ಪ್ರವೇಶ, ಊಟ ಎಲ್ಲ ಸೇರಿ ನಾಲ್ವರಿಗೆ ಸುಮಾರು 25,000 ಆಗಬಹುದೆಂದು ಅಂದಾಜು ಮಾಡಿದೆವು. ತಿಂಗಳಿಗೆ 1,500ರಂತೆ ಕೂಡಿಟ್ಟು, ಕೊರತೆಯನ್ನು ಸಂಬಳದಿಂದ ತುಂಬಿಸುವುದೆಂದು ತೀರ್ಮಾನವಾಯಿತು.

ಇಲ್ಲಿಯವರೆಗೆ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ಹಣವನ್ನು ಎಲ್ಲಿ ಇಟ್ಟೆ ಎಂಬುದರಲ್ಲಿ, ಮತ್ತು ಅದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಬರಿಯ ‘ಆರ್‌.ಡಿ.’ ಎಂದಷ್ಟೇ ಇದೆ. ನಾನೂ ಅಷ್ಟನ್ನೇ ಯೋಚಿಸಿದ್ದೆ. ಕಚೇರಿಯ ಸಹೋದ್ಯೋಗಿಯೊಬ್ಬರು ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌.ಡಿ. ಕಟ್ಟಿ, ಅವಧಿ ಮುಗಿದಾಗ ಹಣ ಪಡೆದು ಫ್ರಿಜ್ ಕೊಂಡಿದ್ದರು. ಆರ್‌.ಡಿ. ಎಂದರೆ ಹಾಗೆಯೇ ಎಂದು ನಂಬಿ, ಮನೆಗೆ ಹತ್ತಿರವೆಂಬ ಕಾರಣಕ್ಕೆ ಜೂನ್ ತಿಂಗಳಲ್ಲಿ ಅಂಚೆ ಕಚೇರಿಯಲ್ಲಿ ಖಾತೆ ತೆರೆದೆ. ಅಂಚೆ ಕಚೇರಿಯ ಆರ್‌.ಡಿ. ಐದು ವರ್ಷದ್ದು, ಅಂದರೆ 60 ಕಂತುಗಳದ್ದು. ಅದರಲ್ಲಿ ಒಂದು ವರ್ಷದ ಆಯ್ಕೆಯೇ ಇಲ್ಲ. ಮೂರು ವರ್ಷ ತುಂಬುವ ಮೊದಲು ಖಾತೆಯನ್ನು ಮುಚ್ಚಲು ಬರುವುದಿಲ್ಲ. ಮೂರು ವರ್ಷದ ನಂತರ, ಅವಧಿಗೆ ಮುನ್ನ ಮುಚ್ಚಿದರೆ ಆರ್‌.ಡಿ. ದರದ ಬದಲು ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ನಡುವೆ ತುರ್ತು ಬಂದರೆ, 12 ಕಂತು ಕಟ್ಟಿ ಒಂದು ವರ್ಷ ಕಳೆದ ಮೇಲೆ, ಖಾತೆಯಲ್ಲಿರುವ ಮೊತ್ತದ ಅರ್ಧದವರೆಗೆ ಸಾಲ ಪಡೆಯಬಹುದು, ಅದಕ್ಕೆ ಆರ್‌.ಡಿ. ದರದ ಮೇಲೆ ಶೇ. 2ರಷ್ಟು ಹೆಚ್ಚಿನ ಬಡ್ಡಿ. ಇವೆಲ್ಲ ಮುಚ್ಚಿಟ್ಟ ನಿಯಮಗಳಲ್ಲ, ಮತ್ತು ಯೋಜನೆಯಲ್ಲಿ ದೋಷವೂ ಇಲ್ಲ. ಐದು ವರ್ಷ ಕೈಹಾಕದೆ ಬೆಳೆಸಬೇಕಾದ ಹಣಕ್ಕೆ ಅದು ಒಳ್ಳೆಯ ಜಾಗ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿಯೇ ಮುಕ್ತಾಯದ ದಿನಾಂಕ ಬರೆದಿತ್ತು. ಪ್ರತಿ ತಿಂಗಳು ಪುಟ ತೆರೆದು ಕಂತು ದಾಖಲಾಗಿದೆಯೇ ಎಂದು ನೋಡುತ್ತಿದ್ದ ನಾನು ಆ ಒಂದು ಸಾಲನ್ನು ಓದಿರಲಿಲ್ಲ.

ಆಗ ರೈಲು ಟಿಕೆಟ್ಟನ್ನು 120 ದಿನ ಮೊದಲೇ ಕಾಯ್ದಿರಿಸಬಹುದಿತ್ತು. ಬೆಂಗಳೂರಿನಿಂದ ಪುಣೆಯ ಮೇಲೆ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಲೋಣಾವಳದವರೆಗೆ ಹೋಗಿಬರಲು ಡಿಸೆಂಬರಿನಲ್ಲಿಯೇ ಬರ್ತ್ ಕಾಯ್ದಿರಿಸಿದ್ದೆವು. ಕೊಠಡಿಗೆ ಮುಂಗಡವನ್ನೂ ಕಳುಹಿಸಿದ್ದಾಗಿತ್ತು. ಪ್ರಯಾಣಕ್ಕೆ ಕೆಲವೇ ದಿನಗಳಿರುವಾಗ ಪಾಸ್‌ಬುಕ್ ಹಿಡಿದು ಅಂಚೆ ಕಚೇರಿಯ ಕೌಂಟರಿಗೆ ಹೋದೆ. ಹನ್ನೊಂದು ಕಂತುಗಳಾಗಿದ್ದವು, 16,500 ರೂಪಾಯಿ ನನ್ನ ಹೆಸರಿನಲ್ಲಿತ್ತು, ಅದರಲ್ಲಿ ಒಂದು ರೂಪಾಯಿಯನ್ನೂ ತೆಗೆಯುವಂತಿರಲಿಲ್ಲ. ಜೂನ್‌ನಿಂದ ಏಪ್ರಿಲ್‌ಗೆ ಒಂದು ವರ್ಷ ತುಂಬದ ಕಾರಣ ಸಾಲದ ಬಾಗಿಲೂ ತೆರೆದಿರಲಿಲ್ಲ. ಹಣ ಇದ್ದೂ ಇಲ್ಲದಂತಾದ ಆ ಸ್ಥಿತಿಯಲ್ಲಿ ಪ್ರವಾಸವನ್ನು ರದ್ದುಮಾಡಬೇಕಿತ್ತೆಂದು ಈಗ ದೃಢವಾಗಿ ಹೇಳುತ್ತೇನೆ. ಆದರೆ ಮಕ್ಕಳು ಆಗಲೇ ಬ್ಯಾಗುಗಳನ್ನು ಹೊರತೆಗೆದಿದ್ದರು. ನನ್ನ ಎರಡು ಬಳೆಗಳನ್ನು ಒತ್ತೆಯಿಟ್ಟು 18,000 ತಂದೆವು.

ಆ ಸಾಲದ ಬಡ್ಡಿ ದೊಡ್ಡ ನಷ್ಟವಾಗಿರಲಿಲ್ಲ. ಬಳೆ ಬಿಡಿಸಿಕೊಳ್ಳಲು ತಿಂಗಳಿಗೆ 1,500 ಬೇಕಾಯಿತು, ಆರ್‌.ಡಿ. ಕಂತು 1,500 ಹಾಗೆಯೇ ಮುಂದುವರಿಯಿತು. ಕಂತು ತಪ್ಪಿಸಿದರೆ ನೂರು ರೂಪಾಯಿಗೆ ಒಂದು ರೂಪಾಯಿಯಂತೆ ದಂಡವಿದೆ, ತಪ್ಪಿದ ಕಂತುಗಳು ನಾಲ್ಕನ್ನು ದಾಟಿದರೆ ಖಾತೆ ಸ್ಥಗಿತವಾಗುತ್ತದೆ, ಆದ್ದರಿಂದ ಅದನ್ನೂ ಬಿಡುವಂತಿರಲಿಲ್ಲ. ಹೀಗೆ ಒಂದು ಪ್ರವಾಸಕ್ಕೆ ಎರಡು ಬಾರಿ ಹಣ ಕಟ್ಟಿದಂತಾಗಿ, ಮುಂದಿನ ವರ್ಷದ ಪ್ರವಾಸಕ್ಕೆ ಏನೂ ಉಳಿಯಲಿಲ್ಲ. ಮೂರು ವರ್ಷ ತುಂಬಿದ ಮೇಲೆ ಖಾತೆ ಮುಚ್ಚಿದಾಗ ಬಂದ ಹಣ ದೊಡ್ಡ ಮಗಳ ಶಾಲೆಯ ಶುಲ್ಕಕ್ಕೆ ಹೋಯಿತು. ಅದೇನೂ ವ್ಯರ್ಥವಲ್ಲ, ಆದರೆ ಯಾವುದಕ್ಕೆಂದು ಕೂಡಿಟ್ಟಿದ್ದೆನೋ ಅದಕ್ಕೆ ಅದು ಒದಗಲಿಲ್ಲ.

ಆದುದರಿಂದ ಬಡ್ಡಿ ಎಲ್ಲಿ ಹೆಚ್ಚು ಎಂಬ ಚರ್ಚೆಯನ್ನು ಈ ಹಣದ ಮಟ್ಟಿಗೆ ಬಿಟ್ಟುಬಿಡಿ. ತಿಂಗಳಿಗೆ 3,000ರಂತೆ ಹನ್ನೆರಡು ತಿಂಗಳು ಕಟ್ಟಿದರೆ ಅಸಲು 36,000. ಮೊದಲ ಕಂತಿಗೆ ಮಾತ್ರ ಪೂರ್ತಿ ಒಂದು ವರ್ಷದ ಬಡ್ಡಿ, ಕೊನೆಯದಕ್ಕೆ ಒಂದೇ ತಿಂಗಳಿನದು, ಹಾಗಾಗಿ ಶೇ. 6ರ ದರದಲ್ಲಿ ಒಟ್ಟು ಬಡ್ಡಿ ಸುಮಾರು 1,170 ರೂಪಾಯಿ, ಶೇ. 7ರಲ್ಲಿ ಸುಮಾರು 1,365. ನೀವು ವಾರಗಟ್ಟಲೆ ವಿಚಾರಿಸಿ ಗಳಿಸುವ ವ್ಯತ್ಯಾಸ ಇನ್ನೂರು ರೂಪಾಯಿಯೊಳಗಿನದು. ಶನಿವಾರ ಬಿಟ್ಟು ಬುಧವಾರ ಪಾರ್ಕಿಗೆ ಹೋದರೆ ನಾಲ್ವರ ಪ್ರವೇಶದಲ್ಲಿ ಅದಕ್ಕಿಂತ ಹೆಚ್ಚು ಉಳಿಯುತ್ತದೆ, ಏಕೆಂದರೆ ವಾರಾಂತ್ಯ ಮತ್ತು ರಜಾದಿನಗಳಿಗೆ ಪಾರ್ಕುಗಳ ದರವೇ ಬೇರೆ. ಮಕ್ಕಳಿಗೆ ರಜೆ ವಾರವಿಡೀ ಇರುವಾಗ ಭಾನುವಾರವೇ ಹೋಗಬೇಕೆಂಬ ಅಭ್ಯಾಸವನ್ನು ನಾವು ಕಚೇರಿಯಿಂದ ಮನೆಗೆ ತಂದಿದ್ದೇವೆ. ಎರಡು ದಿನ ರಜೆ ಹಾಕಿ.

ಚೀಟಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ: ಬೇಡ. ಚೀಟಿ ಕೆಟ್ಟದ್ದೆಂದು ಹೇಳುತ್ತಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ತಾರಸಿ ಚೀಟಿಯ ಹಣದಿಂದಲೇ ಬಿದ್ದಿದೆ. ಆದರೆ ಕೂಗು ಚೀಟಿಯಲ್ಲಿ, ಅಂದರೆ ಪ್ರತಿ ತಿಂಗಳು ಹರಾಜು ಕೂಗಿ ಒಬ್ಬರು ಒಟ್ಟು ಹಣವನ್ನು ಎತ್ತುವ ಚೀಟಿಯಲ್ಲಿ, ನಿಮಗೆ ಬೇಕಾದ ತಿಂಗಳೇ ಎಲ್ಲರಿಗೂ ಬೇಕಾದ ತಿಂಗಳಾಗಿರುತ್ತದೆ. ಏಪ್ರಿಲ್, ಮೇ ಎಂದರೆ ಮದುವೆಯ ಕಾಲ, ಹಿಂದೆಯೇ ಶಾಲೆಯ ಶುಲ್ಕ. ಕೂಗು ಏರುತ್ತದೆ, ತಳ್ಳುಬಡಿ (ಚೀಟಿ ಎತ್ತುವವರು ಬಿಟ್ಟುಕೊಡುವ ಹಣ) ಹೆಚ್ಚುತ್ತದೆ, ಕೈಗೆ ಬರುವುದು ಕಡಿಮೆಯಾಗುತ್ತದೆ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಯಲ್ಲಿಯೂ, 2019ರ ತಿದ್ದುಪಡಿಯ ನಂತರ, ನಡೆಸುವವರು ಶೇ. 7ರವರೆಗೆ ಕಮಿಷನ್ ಪಡೆಯಬಹುದು. ಬಡಾವಣೆಯಲ್ಲಿ ಪರಿಚಯದ ಮೇಲೆ ನಡೆಯುವ ಚೀಟಿಗಳಿಗೆ ಸಾಮಾನ್ಯವಾಗಿ ನೋಂದಣಿಯೇ ಇರುವುದಿಲ್ಲ. ನಡುವೆ ಯಾರಾದರೂ ಕೈಯೆತ್ತಿದರೆ ಮಕ್ಕಳ ಪ್ರವಾಸದ ಜೊತೆಗೆ ನೆರೆಹೊರೆಯ ಸಂಬಂಧವೂ ಹಾಳಾಗುತ್ತದೆ.

ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌.ಡಿ. ತೆರೆಯಿರಿ. ತೆರೆಯುವ ತಿಂಗಳನ್ನು ಪ್ರವಾಸದ ದಿನದಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಿ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 60 ದಿನಕ್ಕೆ ಇಳಿದಿದೆ. ಏಪ್ರಿಲ್ 15ಕ್ಕೆ ಹೊರಡುವುದಾದರೆ ಫೆಬ್ರವರಿ 14ರಂದೇ ಟಿಕೆಟ್ಟಿನ ಹಣ ಕೈಯಲ್ಲಿರಬೇಕು, ಅಂದರೆ ಆರ್‌.ಡಿ.ಯು ಜನವರಿ ಕೊನೆಯೊಳಗೆ ಮುಗಿಯಬೇಕು, ಅಂದರೆ ಹಿಂದಿನ ಜನವರಿಯಲ್ಲಿಯೇ ಆರಂಭವಾಗಿರಬೇಕು. ಶಾಲೆ ಆರಂಭವಾದ ಜೂನ್‌ನಿಂದ ಕೂಡಿಡುತ್ತೇನೆ ಎನ್ನುವವರ ಲೆಕ್ಕ ತಪ್ಪುವುದು ಇಲ್ಲಿಯೇ. ನಿಮ್ಮ ಇಬ್ಬರು ಮಕ್ಕಳೂ ಐದು ದಾಟಿ ಹನ್ನೆರಡರೊಳಗಿದ್ದಾರೆ. ಆ ವಯಸ್ಸಿನವರಿಗೆ ಬರ್ತ್ ಬೇಕೆಂದರೆ ರೈಲಿನಲ್ಲಿ ಪೂರ್ಣ ದರ, ಅರ್ಧ ಟಿಕೆಟ್ ಬರ್ತ್ ಇಲ್ಲದೆ ಹೋಗುವವರಿಗೆ ಮಾತ್ರ. ರಾತ್ರಿ ಪ್ರಯಾಣಕ್ಕೆ ನಾಲ್ಕು ಪೂರ್ಣ ಟಿಕೆಟ್ ಎಂದೇ ಬರೆದುಕೊಳ್ಳಿ. ಮನೆಯಲ್ಲಿ ಉಳಿಯುವ ಖರ್ಚನ್ನೂ ಬರೆದುಕೊಳ್ಳಿ. ನಾವು ಇಲ್ಲದ ದಿನಗಳಲ್ಲಿ ಹಸು ಕರೆದು ಡೇರಿಗೆ ಹಾಲು ಹಾಕಿದವರಿಗೆ ಕೊಟ್ಟ ಕೂಲಿ ನಮ್ಮ ಪಟ್ಟಿಯಲ್ಲಿಯೇ ಇರಲಿಲ್ಲ. ನಿಮ್ಮ ಮನೆಯಲ್ಲಿ ಹಸುಗಳಿಲ್ಲದಿರಬಹುದು, ಆದರೆ ವಯಸ್ಸಾದ ತಂದೆತಾಯಿಗಳಿದ್ದರೆ ಅವರ ಊಟ, ಔಷಧಿಗಳಿಗೆ ಯಾರನ್ನಾದರೂ ನೇಮಿಸಬೇಕಾಗುತ್ತದೆ.

ಈಗ ನೀವು ಕೇಳದೇ ಇರುವ ಮಾತು. ಪ್ರತಿ ವರ್ಷ ದೊಡ್ಡ ಪಾರ್ಕ್ ಏಕೆ ಎಂದು ನೀವು ಗಂಡಹೆಂಡತಿ ಕುಳಿತು ಯೋಚಿಸಿದ್ದೀರಾ? ರೈಲು ಮಕ್ಕಳ ವಯಸ್ಸನ್ನು ಕೇಳುತ್ತದೆ, ಪಾರ್ಕ್ ಅವರ ಎತ್ತರವನ್ನು ಕೇಳುತ್ತದೆ. ಪ್ರವೇಶ ದರವನ್ನು ಎತ್ತರದಿಂದ ನಿರ್ಧರಿಸುವ ಪಾರ್ಕುಗಳಿವೆ. ಸವಾರಿಗಳಿಗಂತೂ ಎಲ್ಲೆಡೆ ಎತ್ತರದ ಮಿತಿ ಇದೆ, ಅನೇಕ ದೊಡ್ಡ ಸವಾರಿಗಳಿಗೆ ಅದು 120, 130, 140 ಸೆಂಟಿಮೀಟರ್ ಎಂದು ಏರುತ್ತಾ ಹೋಗುತ್ತದೆ. ಆರು ವರ್ಷದ ಮಗು ಸಾಮಾನ್ಯವಾಗಿ 115ರ ಆಸುಪಾಸಿನಲ್ಲಿರುತ್ತದೆ. ನಮ್ಮ ಚಿಕ್ಕವಳನ್ನು ಅಳತೆಯ ಕಂಬದ ಬಳಿ ನಿಲ್ಲಿಸಿ ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿದಾಗ ಅವಳು ಅತ್ತ ಅಳುವನ್ನು ನಾನು ಮರೆತಿಲ್ಲ. ಒಬ್ಬಳು ಸವಾರಿಯಲ್ಲಿ, ಇನ್ನೊಬ್ಬಳು ನನ್ನ ಕೈಹಿಡಿದು ಕೆಳಗೆ. ಪೂರ್ಣ ದರ ತೆತ್ತ ನಾನು ಆ ದಿನದ ಬಹುಪಾಲನ್ನು ಸಾಲುಗಳ ಹೊರಗೆ ಕಳೆದೆ. ಸಾವಿರಾರು ಕಿಲೋಮೀಟರ್ ಹೋಗಿ, ಬಳೆ ಒತ್ತೆಯಿಟ್ಟು ಕೊಂಡ ದಿನ ಅದು.

ಆ ಕಾರಣಕ್ಕೇ, ಚಿಕ್ಕ ಮಗು ಕನಿಷ್ಠ 130 ಸೆಂಟಿಮೀಟರ್ ದಾಟುವವರೆಗೆ ದೂರದ ಪಾರ್ಕಿನ ಯೋಚನೆಯನ್ನು ಮುಂದೂಡಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ನಿಮ್ಮ ಊರಿನಲ್ಲಿಯೇ, ಕೆ.ಆರ್‌.ಎಸ್. ರಸ್ತೆಯಲ್ಲಿ, ಜಿ.ಆರ್‌.ಎಸ್. ಫ್ಯಾಂಟಸಿ ಪಾರ್ಕ್ ಇದೆ. ನಗರ ಸಾರಿಗೆಯ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರಬಹುದು. ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಇದೆ. ಬೆಳಿಗ್ಗೆ ಮೈಸೂರಿನಿಂದ ಹೊರಟರೆ ವಸತಿಯ ಖರ್ಚಿಲ್ಲದೆ ಅದೇ ರಾತ್ರಿ ಹಿಂದಿರುಗಬಹುದು. ಬೈಕಿನಲ್ಲಿ ಹೋಗುವ ಯೋಚನೆ ಇದ್ದರೆ, 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಮಕ್ಕಳೊಂದಿಗೆ ರೈಲೇ ಲೇಸು. ಇಮ್ಯಾಜಿಕಾದಲ್ಲಿ ಥೀಮ್ ಪಾರ್ಕ್, ವಾಟರ್ ಪಾರ್ಕ್, ಸ್ನೋ ಪಾರ್ಕ್ ಎಂದು ಮೂರು ಇವೆ. ಮಕ್ಕಳು ಎಲ್ಲವನ್ನೂ ಅನುಭವಿಸುವ ಎತ್ತರಕ್ಕೆ ಬಂದಾಗ, ಎರಡು ದಿನ ಉಳಿದು ಮೂರನ್ನೂ ನೋಡುವಷ್ಟು ಹಣದೊಂದಿಗೆ ಒಮ್ಮೆ ಹೋಗುವುದು, ಪ್ರತಿ ವರ್ಷ ಅರ್ಧಂಬರ್ಧ ಹೋಗಿಬರುವುದಕ್ಕಿಂತ ನೂರು ಪಾಲು ಮೇಲು.

ನಾವು ಈಗ ಹಾಗೆಯೇ ಮಾಡುತ್ತಿದ್ದೇವೆ. ಡೇರಿಯ ಪ್ರತಿ ಬಟವಾಡೆಯಿಂದ ಒಂದು ಪಾಲು ಬೇರೊಂದು ಉಳಿತಾಯ ಖಾತೆಗೆ ಹೋಗುತ್ತದೆ, ಆ ಖಾತೆಗೆ ಎಟಿಎಂ ಕಾರ್ಡ್ ಪಡೆದಿಲ್ಲ. ಬೇಸಿಗೆಯಲ್ಲಿ ಹಾಲು ಇಳಿದಾಗ ಪಾಲೂ ಇಳಿಯುತ್ತದೆ, ಅದಕ್ಕೆ ದಂಡವಿಲ್ಲ. ನಿಮ್ಮದು ತಿಂಗಳ ಸಂಬಳವಾದ್ದರಿಂದ ಆರ್‌.ಡಿ.ಯೇ ಸರಿ, ಆದರೆ 3,000ವನ್ನು ಒಂದೇ ಖಾತೆಗೆ ಹಾಕಬೇಡಿ. 1,000ದ ಒಂದು ವರ್ಷದ ಆರ್‌.ಡಿ. ಆ ವರ್ಷದ ಒಂದು ದಿನದ ಪ್ರವಾಸಕ್ಕೆ ಇರಲಿ. 2,000ದ ಇನ್ನೊಂದು ಆರ್‌.ಡಿ.ಯನ್ನು ಮೂರು ವರ್ಷದ ಅವಧಿಗೆ ತೆರೆಯಿರಿ. ಅದು ಮುಗಿಯುವಾಗ ಅಸಲೇ 72,000 ಆಗಿರುತ್ತದೆ, ನಿಮ್ಮ ಚಿಕ್ಕ ಮಗುವಿಗೆ ಒಂಬತ್ತು ತುಂಬಿರುತ್ತದೆ. ಎರಡೂ ಖಾತೆಗಳ ಮುಕ್ತಾಯದ ದಿನಾಂಕವನ್ನು ತೆರೆದ ದಿನವೇ ಕೌಂಟರಿನಲ್ಲಿ ಕೇಳಿ, ರಸೀದಿಯಲ್ಲಿ ಓದಿ, ಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಅವಧಿಗೆ ಮುನ್ನ ಮುಚ್ಚಿದರೆ ಎಷ್ಟು ಬಡ್ಡಿ ಕಡಿತವಾಗುತ್ತದೆ ಎಂಬುದನ್ನೂ ಅಲ್ಲಿಯೇ ಬರೆಸಿಕೊಳ್ಳಿ.